ಐದು ತಿಂಗಳ ಕೂದಲು

ಆ ಬೀದಿಯ ಅರ್ಧಕ್ಕರ್ಧ ಗಂಡಸರು ಅವನ ಮುಂದೆ ತಲೆ ತಗ್ಗಿಸಿ ಕೂತವರೇ. ಇಪ್ಪತ್ತೆರಡು ವರ್ಷದಿಂದ ಕತ್ತರಿ ಹಿಡಿದ ಕೈ. ಎಂಥ ಹಟಮಾರಿ ಕೂಸನ್ನೂ ನಗಿಸಿ, ಅಳು ಶುರುವಾಗುವುದರೊಳಗೆ ಕಟಿಂಗ್ ಮುಗಿಸಿ ಕಳಿಸುತ್ತಾನೆ ಎಂದು ಅವನಿಗೆ ಹೆಸರಿತ್ತು. ಆದರೆ ಸ್ವಂತ ಮಗಳ ತಲೆಗೆ ಬಾಚಣಿಗೆ ತಾಗಿ ಐದು ತಿಂಗಳಾಗಿತ್ತು.

ಮಗಳಿಗೆ ಹನ್ನೊಂದು ವರ್ಷ. ನಡೆಯುವಾಗ, ಕೂತಾಗ, ತಿನ್ನುವಾಗ ಗಂಟಲಲ್ಲೇ ಗುಂಯ್ ಎಂದು ಸದ್ದು ಹೊರಡಿಸುತ್ತಿದ್ದಳು. ಅದಕ್ಕೇ ಅವಳ ತಾತ ದುಂಬಿ ಎಂದು ಕರೆದರು, ಮನೆಯಲ್ಲಿ ಅದೇ ನಿಂತಿತು. ಅವಳಿಗೆ ಆಟಿಸಂ ಇದೆ ಎಂಬುದು ಮೂರನೇ ವರ್ಷಕ್ಕೇ ಗೊತ್ತಾಗಿತ್ತು. ಮಾತು ಬರುತ್ತಿತ್ತು, ಆದರೆ ಅವಳ ಪಾಲಿಗೆ ಒಂದು ಮಾತಿಗೆ ಒಂದೇ ಅರ್ಥ. 'ನನ್ನ ತಲೆ ತಿನ್ನಬೇಡ ತಾಯಿ' ಎಂದು ಅಮ್ಮ ಗದರಿದರೆ, 'ನಾನು ಬ್ರೆಡ್ ತಿಂದೆ. ತಲೆ ತಿಂದಿಲ್ಲ' ಎಂದು ತಟ್ಟೆ ಎತ್ತಿ ತೋರಿಸುವಳು. 'ಬಸ್ಸು ಕೈ ಕೊಡ್ತು' ಎಂದರೆ ಬಸ್ಸಿನ ಕೈ ಯಾವ ಕಡೆ ಇದೆ ಎಂದು ಕೇಳುವಳು. ಮನೆಯವರು ನಗುತ್ತಿದ್ದರು, ನೆಂಟರ ಮುಂದೆ ಹೇಳಿಕೊಂಡು ಇನ್ನೊಮ್ಮೆ ನಗುತ್ತಿದ್ದರು.

ಅಂಗಡಿಯಲ್ಲಿ ಎರಡು ಕುರ್ಚಿ. ಬಾಗಿಲ ಹತ್ತಿರದ್ದು ತಾತನದು, ಒಳಗಿನದು ಅಪ್ಪನದು. ಸೋಮವಾರ ಅಂಗಡಿಗೆ ರಜೆ. ತಿಂಗಳ ಮೊದಲ ಸೋಮವಾರ ತಾತ ಮೊಮ್ಮಗಳನ್ನು ತಮ್ಮ ಕುರ್ಚಿಯಲ್ಲಿ ಕೂರಿಸಿ ಕೂದಲು ಕತ್ತರಿಸುತ್ತಿದ್ದರು. ಮಷೀನಿನ ಸದ್ದು ಅವಳ ಕಿವಿಗೆ ಆಗದು, ಹಾಗಾಗಿ ಬರೀ ಕತ್ತರಿ. ಕುತ್ತಿಗೆಗೆ ಬಟ್ಟೆ ಬಿಗಿದರೆ ಆಗದು, ಹಾಗಾಗಿ ಭುಜದ ಮೇಲೊಂದು ಹಳೆಯ ಟವೆಲ್. ಮುಟ್ಟುವ ಮೊದಲು ಎಲ್ಲಿ, ಎಷ್ಟು ಸಲ ಎಂದು ಹೇಳುವರು. 'ಈಗ ಎಡಗಿವಿ ಹತ್ತಿರ, ನಾಲ್ಕು ಸಲ.' ನಾಲ್ಕು ಎಂದರೆ ನಾಲ್ಕೇ. ಐದನೆಯದು ಬೇಕೆನಿಸಿದರೆ ಅವಳನ್ನು ಕೇಳಿಯೇ ಕತ್ತರಿ ಆಡಿಸುತ್ತಿದ್ದರು.

ಒಂದು ಗುರುವಾರ ಬೆಳಿಗ್ಗೆ ಅಂಗಡಿಯಲ್ಲಿದ್ದಾಗಲೇ ತಾತನಿಗೆ ಎದೆನೋವು ಬಂತು. ಆಸ್ಪತ್ರೆ ತಲುಪುವಷ್ಟರಲ್ಲಿ ಜೀವ ಇರಲಿಲ್ಲ. ದುಂಬಿ ಶಾಲೆಯಲ್ಲಿದ್ದಳು. ಅಲ್ಲಿಂದಲೇ ಅವಳನ್ನು ಪಕ್ಕದ ಮನೆಯ ದೊಡ್ಡಮ್ಮನ ಹತ್ತಿರ ಕಳಿಸಿದರು. ಎರಡು ದಿನ ಬಿಟ್ಟು ಕರೆತಂದಾಗ ಎಲ್ಲ ಮುಗಿದಿತ್ತು. ಅವಳಿಗೇನು ಅರ್ಥವಾಗುತ್ತೆ, ಸುಮ್ಮನೆ ಯಾಕೆ ಗಾಬರಿಪಡಿಸುವುದು ಎಂದು ಎಲ್ಲರೂ ಅಂದುಕೊಂಡರು. ಅವಳು ಕೇಳಿದಾಗ ಬಾಯಿಗೆ ಬಂದ ಸಮಾಧಾನದ ಮಾತು ಹೇಳಿದರು. ಅವಳು ಅಳಲಿಲ್ಲ. ಗುಂಯ್ ಅನ್ನುವುದನ್ನು ನಿಲ್ಲಿಸಿದಳು, ಅಷ್ಟೇ. 'ನೋಡಿ, ಮಗು ಎಷ್ಟು ಚೆನ್ನಾಗಿ ತಡ್ಕೊಂಡಿದೆ' ಎಂದರು ನೆಂಟರು.

ಆಮೇಲೆ ಒಂದೊಂದೇ ಶುರುವಾಯಿತು. ದುಂಬಿ ಹಾಸಿಗೆಯಲ್ಲಿ ಮಲಗುವುದನ್ನು ಬಿಟ್ಟಳು. ಗೋಡೆಗೊರಗಿ ಕೂತೇ ತೂಕಡಿಸುವಳು, ತಲೆ ವಾಲಿದೊಡನೆ ಬೆಚ್ಚಿ ಏಳುವಳು. ಬೇರೆ ಯಾರು ಕಣ್ಣು ಮುಚ್ಚಿದರೂ ಓಡಿಬಂದು ಬೆರಳಿನಿಂದ ರೆಪ್ಪೆ ಎತ್ತುವಳು. ಶಾಲೆಯಿಲ್ಲದ ದಿನ ಮಧ್ಯಾಹ್ನ ಅಂಗಡಿಯ ಬೆಂಚಿನ ಮೇಲೆ ಅಪ್ಪ ಐದು ನಿಮಿಷ ಅಡ್ಡಾದರೆ ಬೀದಿಗೆಲ್ಲ ಕೇಳುವಂತೆ ಕಿರುಚುವಳು. ಸಂಜೆ ಆರು ಗಂಟೆಗೆ ಸರಿಯಾಗಿ ಮೆಟ್ಟಿಲು ಹತ್ತಿ ಮೇಲಿನ ಮನೆಯ ಬಾಗಿಲನ್ನು ಎರಡೂ ಕೈಯಲ್ಲಿ ಬಡಿಯುವಳು. ಆ ಮನೆಯಲ್ಲಿದ್ದದ್ದು ರಾತ್ರಿ ಪಾಳಿಯ ನರ್ಸ್. ಅವಳ ನಿದ್ದೆ ಹಾಳಾಗಿ, ಕೊನೆಗೆ ತಾಳ್ಮೆಯೂ ಹಾಳಾಗಿ, ಮನೆ ಖಾಲಿ ಮಾಡುವ ಮಾತಾಡುತ್ತಿದ್ದಳು.

ಕೂದಲಂತೂ ಕೇಳಬೇಡಿ. ಒಮ್ಮೆ ಅಮ್ಮ ಕೈ ಹಿಡಿದು, ಅಪ್ಪ ಬಾಚಣಿಗೆ ಹಾಕಲು ಹೋದರು. ದುಂಬಿ ಅಪ್ಪನ ಮುಂಗೈ ಕಚ್ಚಿದಳು, ತಪ್ಪಿಸಿಕೊಂಡು ಗೋಡೆಗೆ ಹಣೆ ಚಚ್ಚಿಕೊಂಡಳು. ಅಲ್ಲಿಗೆ ಆ ಪ್ರಯತ್ನ ಮುಗಿಯಿತು. ಕತ್ತಿನ ಹಿಂಭಾಗದಲ್ಲಿ ಕೂದಲು ಗಂಟುಗಂಟಾಗಿ ಹಳೆಯ ಕಂಬಳಿಯ ತುಂಡಿನಂತಾಯಿತು, ಅದರಡಿಯಲ್ಲಿ ಹುಣ್ಣಾಯಿತು. ಡಾಕ್ಟರು ಒಂದು ಚಮಚ ಕೊಡುತ್ತಿದ್ದ ನಿದ್ದೆಯ ಸಿರಪ್ಪನ್ನು ಎರಡು ಚಮಚ ಮಾಡಿದರು. ಕ್ಲಾಸ್ ಟೀಚರು, 'ಈ ಮಕ್ಕಳಲ್ಲಿ ಇದೆಲ್ಲ ಇದ್ದದ್ದೇ' ಎಂದರು. ಐದನೇ ತಿಂಗಳ ಕೊನೆಗೆ ಶಾಲೆಯಿಂದ ಚೀಟಿ ಬಂತು: ಕೂದಲು ಸ್ವಚ್ಛವಾಗುವವರೆಗೆ ಮಗುವನ್ನು ಕಳಿಸಬೇಡಿ.

ಅಮ್ಮ ಔಷಧಿ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿದ್ದಳು. ಚೀಟಿ ಓದಿ ಮಡಿಸಿಟ್ಟು, ದೀರ್ಘ ರಜೆ ಹಾಕಿ, ಗಂಡನಿಗೆ ಹೇಳಿದಳು. "ರೀ, ನಾಳೆ ಅಂಗಡಿ ಬಾಗಿಲು ಹಾಕಿ. ಮೂವರೂ ಹೋಗೋಣ. ಇವಳ ನಡತೆ ತಿದ್ದೋಕೆ ಎಷ್ಟೋ ಜನರ ಹತ್ತಿರ ಹೋಗಿದ್ದಾಯ್ತು. ಈ ಸಲ ಇವಳ ಮನಸ್ಸಲ್ಲಿ ಏನಿದೆ ಅಂತ ಕೇಳೋರ ಹತ್ತಿರ ಹೋಗೋಣ."

ಆ ಥೆರಪಿ ಕೇಂದ್ರ ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಥೆರಪಿ ಮೇಡಂ ಕುಳ್ಳಗಿನ ಹೆಂಗಸು, ವಯಸ್ಸು ಐವತ್ತರ ಆಚೆ. ಬಲಗಿವಿಯಲ್ಲಿ ಕೇಳಿಸುವ ಯಂತ್ರ, ಕೈಯಲ್ಲಿ ಗಂಡಸರ ಗಡಿಯಾರ. ದುಂಬಿ ಒಳಗೆ ಬಂದವಳೇ ಟ್ಯೂಬ್‌ಲೈಟಿನ ಕಡೆ ನೋಡಿ ಕಿವಿ ಮುಚ್ಚಿಕೊಂಡಳು. ಮೇಡಂ ಮಾತಿಲ್ಲದೆ ಎದ್ದು ದೀಪ ಆರಿಸಿ ಕಿಟಕಿ ತೆಗೆದರು. ದುಂಬಿ ಮೇಜಿನ ಕೆಳಗೆ ತೂರಿಕೊಂಡಳು. 'ಹೊರಗೆ ಬಾ, ಮೇಡಂಗೆ ನಮಸ್ತೆ ಹೇಳು' ಎಂದು ಅಪ್ಪ ಬಗ್ಗಿದ. "ಇರಲಿ ಬಿಡಿ, ಅಲ್ಲಿಂದಲೂ ಕೇಳುತ್ತೆ" ಎಂದರು ಮೇಡಂ.

ಅಮ್ಮ ಎಲ್ಲ ಹೇಳಿದಳು. ಮೇಡಂ ದಪ್ಪ ಅಕ್ಷರದಲ್ಲಿ ಬರೆದುಕೊಂಡರು. ಬರೆದು ಮುಗಿಸಿ ಕೇಳಿದರು. "ಆಟಿಸಂ ಹುಟ್ಟಿನಿಂದಲೂ ಇದೆ. ಅದಕ್ಕೆ ಹನ್ನೊಂದು ವರ್ಷ. ನೀವು ಹೇಳ್ತಾ ಇರೋ ತೊಂದರೆಗೆಲ್ಲ ಐದೇ ತಿಂಗಳು. ಐದು ತಿಂಗಳ ಹಿಂದೆ ಏನಾಯ್ತು?"

ಅಮ್ಮ ಗಂಡನ ಮುಖ ನೋಡಿದಳು. ಅವನು ನೆಲ ನೋಡಿದ.

"ನಮ್ಮಪ್ಪ ಹೋಗ್ಬಿಟ್ರು" ಎಂದ.

ಮೇಜಿನ ಕೆಳಗಿಂದ ದನಿ ಬಂತು. "ಎಲ್ಲಿಗೆ?"

ಟೈರ್ ಅಂಗಡಿಯಲ್ಲಿ ಯಾರೋ ಸುತ್ತಿಗೆಯಿಂದ ಬಡಿಯುತ್ತಿದ್ದರು. ಅಪ್ಪ ಏನೋ ಹೇಳಲು ಬಾಯಿ ತೆಗೆದ. ಮೇಡಂ ಬೇಡ ಎಂದು ಕೈ ತೋರಿಸಿ, ಮೇಜಿನ ಕೆಳಗೆ ಬಗ್ಗಿದರು. "ಒಳ್ಳೇ ಪ್ರಶ್ನೆ. ಉತ್ತರ ಸರಿಯಾಗಿ ಹೇಳಬೇಕು. ಅದಕ್ಕೆ ಇವರಿಬ್ಬರಿಗೂ ಸ್ವಲ್ಪ ದಿನ ಬೇಕು. ಹೇಳಿಸ್ತೀನಿ."

ಹೊರಡುವಾಗ ಅವರು ಗಂಡ ಹೆಂಡತಿಗೆ ಒಂದು ಕೆಲಸ ಕೊಟ್ಟರು. ತಾತನ ವಿಷಯವಾಗಿ ದುಂಬಿಗೆ ಯಾರು ಯಾರು ಏನು ಹೇಳಿದರು, ಇದ್ದದ್ದು ಇದ್ದ ಹಾಗೆ, ಒಂದಕ್ಷರ ಬದಲಿಸದೆ ಬರೆದುಕೊಂಡು ಬರಬೇಕು. ಜೊತೆಗೆ ವಾರಕ್ಕೆ ಒಂದು ಗಂಟೆ ಅಪ್ಪನೂ ತಮ್ಮ ಮುಂದೆ ಕೂರಬೇಕು.

"ನನಗ್ಯಾಕೆ ಮೇಡಂ?" ಅವನು ನಕ್ಕ. "ದಿನಾ ಇಪ್ಪತ್ತು ತಲೆ ನೋಡೋನು ನಾನು. ನನ್ನ ತಲೆ ನೆಟ್ಟಗಿದೆ."

"ನಿಮ್ಮ ತಲೆಗೆ ಕತ್ತರಿ ಹಾಕೋದು ಯಾರು?"

"ಬೇರೆಯವರೇ ಹಾಕಬೇಕು. ಹಿಂಭಾಗ ನಮಗೆಲ್ಲಿ ಕಾಣುತ್ತೆ..." ಎಂದವನು ಅಲ್ಲಿಗೇ ನಿಲ್ಲಿಸಿದ. ಮೇಡಂ ನಗಲಿಲ್ಲ. "ಬುಧವಾರ ನಾಲ್ಕು ಗಂಟೆ" ಎಂದರು.

ಮರುದಿನ ಮಧ್ಯಾಹ್ನ ಅಡುಗೆಮನೆಯ ಮೇಜಿನ ಮೇಲೆ ಮೂರು ಹಾಳೆ ಕೂಡಿದವು. ಒಂದು ಅಪ್ಪನದು, ಒಂದು ಅಮ್ಮನದು, ಒಂದು ಪಕ್ಕದ ಮನೆಯ ದೊಡ್ಡಮ್ಮ ಹೇಳಿ ಬರೆಸಿದ್ದು. ಅಮ್ಮ ಗಟ್ಟಿಯಾಗಿ ಓದಿದಳು.

ಅಪ್ಪನದು: 'ತಾತ ಮಲಗಿದ್ದಾರೆ ಪುಟ್ಟಾ. ಇನ್ನು ಏಳಲ್ಲ.'

ಅಮ್ಮನದು: 'ತಾತ ನಮ್ಮನ್ನೆಲ್ಲ ಬಿಟ್ಟು ದೂರ ಹೋದರು.'

ದೊಡ್ಡಮ್ಮನದು: 'ತಾತ ಎಲ್ಲೂ ಹೋಗಿಲ್ಲ ಕಂದ. ಮೇಲೆ ಇದ್ದಾರೆ. ಮೇಲಿಂದ ನಿನ್ನನ್ನೇ ನೋಡ್ತಾ ಇರ್ತಾರೆ.'

'ಮೇಲೆ' ಎಂಬ ಪದದ ಮೇಲೆ ಅಮ್ಮ ಬೆರಳಿಟ್ಟಳು. ಅಪ್ಪ ತಲೆ ಎತ್ತಿ ಸೂರು ನೋಡಿದ. ಅದೇ ಹೊತ್ತಿಗೆ ಮೇಲಿನ ಮನೆಯಲ್ಲಿ ನರ್ಸ್ ಕುರ್ಚಿ ಎಳೆದ ಸದ್ದು ಕೇಳಿಸಿತು. ಸಂಜೆ ಆರು ಎಂದರೆ ತಾತ ಅಂಗಡಿಯಿಂದ ಚಹಾಕ್ಕೆಂದು ಮನೆಗೆ ಬರುತ್ತಿದ್ದ ಹೊತ್ತು. ಆರು ಗಂಟೆಗೆ ಅವಳು ಯಾಕೆ ಮೆಟ್ಟಿಲು ಹತ್ತುತ್ತಿದ್ದಳು, ಮುಚ್ಚಿದ ರೆಪ್ಪೆಗಳನ್ನು ಯಾಕೆ ಎತ್ತುತ್ತಿದ್ದಳು, ಹಾಸಿಗೆ ಕಂಡರೆ ಯಾಕೆ ಓಡುತ್ತಿದ್ದಳು, ಎಲ್ಲ ಆ ಮೂರು ಹಾಳೆಯಲ್ಲಿತ್ತು. ಮಲಗಿದವರು ಏಳುವುದಿಲ್ಲ ಎಂದು ಅಪ್ಪನೇ ಹೇಳಿದ್ದ. ಇನ್ನು ಕೂದಲು ತಾತನ ಕೆಲಸ. ತಾತ ಇನ್ನೂ ಬಂದಿಲ್ಲ, ಆದ್ದರಿಂದ ಬೇರೆಯವರು ಮುಟ್ಟುವಂತಿಲ್ಲ.

"ಐದು ತಿಂಗಳಿಂದ ಮಗು ಹುಡುಕ್ತಾ ಇದೆ ಕಣ್ರೀ" ಎಂದಳು ಅಮ್ಮ. "ನಾವು ಸಿರಪ್ ಕುಡಿಸ್ತಾ ಇದ್ವಿ."

ಅಪ್ಪ ಹಾಳೆಗಳನ್ನು ಜೋಡಿಸಿ ಜೇಬಿಗೆ ಹಾಕಿಕೊಂಡ. "ಸರಿ ಮಾಡೋಣ. ಕೆಡಿಸಿದ್ದು ನಾವೇ, ಸರಿ ಮಾಡೋದೂ ನಾವೇ" ಎಂದ. ಅದೇ ದಿನ ಅಮ್ಮ ಮೇಲಿನ ಮನೆಗೆ ಹೋಗಿ ನರ್ಸಿಗೆ ವಿಷಯವನ್ನೆಲ್ಲ ಹೇಳಿ ಬಂದಳು.

ಆದರೆ ಬುಧವಾರ ಮೇಡಂ ಮುಂದೆ ಕೂತಾಗ ಅವನಿಗೆ ಅದು ಅಂದುಕೊಂಡಷ್ಟು ಸುಲಭವಲ್ಲ ಎಂದು ಗೊತ್ತಾಯಿತು. ಮಗಳಿಗೆ ಹೇಳಬೇಕಾದದ್ದು ಎರಡೇ ಪದ: ತಾತ ಸತ್ತರು. ತೀರಿಕೊಂಡರು ಎನ್ನಲು ಅವನಿಗೆ ಬರುತ್ತಿತ್ತು. ಇಲ್ಲವಾದರು, ಕಣ್ಣು ಮುಚ್ಚಿದರು, ನಮ್ಮನ್ನು ಅಗಲಿದರು, ಎಲ್ಲವೂ ಬಾಯಿಗೆ ಬರುತ್ತಿದ್ದವು. ಆ ಒಂದು ಪದ ಮಾತ್ರ ಬರುತ್ತಿರಲಿಲ್ಲ.

"ಹೆತ್ತ ತಂದೆಗೆ ಆ ಮಾತು ಹೇಗೆ ಹೇಳೋದು ಮೇಡಂ? ನಾಯಿ ನರಿಗೆ ಹೇಳೋ ಹಾಗೆ?"

"ದುಂಬಿ ಯಾವುದಾದರೂ ಸತ್ತದ್ದನ್ನ ನೋಡಿದಾಳಾ?"

"ಮನೇಲಿ ಮೀನು ಇತ್ತು. ಗಾಜಿನ ತೊಟ್ಟಿಯಲ್ಲಿ. ಸತ್ತಾಗ ಅವಳೇ ಮಣ್ಣಲ್ಲಿ ಹೂತಳು."

"ಹಾಗಾದ್ರೆ ಆ ಪದ ಅವಳಿಗೆ ಗೊತ್ತಿದೆ. ಗೊತ್ತಿರೋ ಪದಾನೇ ಕೊಡಿ. ಮರ್ಯಾದೆ ನಿಮ್ಮ ದನಿಯಲ್ಲಿರಲಿ."

ಅವನು ಮತ್ತೆ ಪ್ರಯತ್ನಿಸಿದ. 'ತಾತ' ಎಂದ, ಮುಂದೆ ಹೋಗಲಾಗಲಿಲ್ಲ. ಹಾಗೇ ಎರಡು ಬುಧವಾರ ಕಳೆದವು. ಮೂರನೆಯದರಲ್ಲಿ ಮೇಡಂ ಬೇರೇನೋ ಮಾತು ತೆಗೆದಾಗ, ಅವನು ಗೋಡೆ ನೋಡುತ್ತ ತಾನಾಗಿಯೇ ಶುರುಮಾಡಿದ.

"ಆ ದಿನ ಅಂಗಡಿ ತುಂಬ ಜನ. ನಮ್ಮಪ್ಪ ಎದೆ ಹಿಡ್ಕೊಂಡು ಬೆಂಚಿನ ಮೇಲೆ ಕೂತ್ರು. ಏನಾಯ್ತಪ್ಪ ಅಂದೆ. 'ಗ್ಯಾಸ್ ಇರಬೇಕು, ಈ ತಲೆ ಮುಗಿಸು, ಆಮೇಲೆ ಡಾಕ್ಟರ ಹತ್ತಿರ ಹೋಗೋಣ' ಅಂದ್ರು. ನಾನು ಮುಗಿಸಿದೆ ಮೇಡಂ. ಹತ್ತು ನಿಮಿಷ. ಕಿವಿ ಹಿಂದೆ ನೀಟಾಗಿ ತೆಗೆದು, ಕನ್ನಡಿ ಹಿಡಿದು ಹಿಂಭಾಗ ತೋರಿಸಿ, ಬಟ್ಟೆ ಕೊಡವಿ... ಅಷ್ಟೆಲ್ಲ ಮಾಡಿದೆ. ಇದು ನನ್ನ ಹೆಂಡತಿಗೂ ಗೊತ್ತಿಲ್ಲ."

ಅವನು ಅತ್ತ. ದೊಡ್ಡ ದನಿಯಲ್ಲಿ, ಕೆಳಗಿನ ಟೈರ್ ಅಂಗಡಿಯವರಿಗೆ ಕೇಳಿದರೆ ಕೇಳಲಿ ಎನ್ನುವ ಹಾಗೆ. ಮೇಡಂ ಅವನನ್ನು ತಡೆಯಲಿಲ್ಲ. ಅವನು ಮುಖ ಒರೆಸಿಕೊಂಡ ಮೇಲೆ ಹೇಳಿದರು. "ಹತ್ತು ನಿಮಿಷ ಮುಂಚೆ ಹೋಗಿದ್ರೆ ಉಳೀತಿದ್ರಾ, ನನಗೆ ಗೊತ್ತಿಲ್ಲ. ನಿಮಗೂ ಯಾವತ್ತೂ ಗೊತ್ತಾಗಲ್ಲ. ನಿಮ್ಮ ತಪ್ಪಿಲ್ಲ ಅಂತ ನಾನು ಬೆನ್ನು ತಟ್ಟಿದ್ರೆ ನೀವು ನಂಬಲ್ಲ. ಆದ್ರೆ ಒಬ್ಬರೇ ಹೊತ್ಕೊಂಡಿದ್ದೀರಲ್ಲ, ಅದನ್ನ ಮಾತ್ರ ಇವತ್ತಿಗೆ ನಿಲ್ಲಿಸಬಹುದು. ಮನೆಗೆ ಹೋಗಿ ಹೆಂಡತಿಗೆ ಹೇಳಿ."

ಹೇಳಿದ. ಅಮ್ಮ ಅವನ ಕೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡಳು. "ಮಾವನವರ ಹಟ ನನಗೆ ಗೊತ್ತಿಲ್ವಾ? ನೀವು ಎತ್ಕೊಂಡು ಹೋಗಿದ್ರೂ ಇಳಿದು ಬಂದು ಆ ತಲೆ ಮುಗಿಸೋರು" ಎಂದಳು. ಮುಂದಿನ ಬುಧವಾರ ಅವನು ಆ ಪದವನ್ನು ಪೂರ್ತಿ ಹೇಳಿದ. ಹತ್ತು ಸಲ ಹೇಳಿದ, ದನಿ ನಡುಗದೆ ಬರುವವರೆಗೆ.

ಮೇಡಂ ಜೊತೆ ಸೇರಿ ಅಪ್ಪ ಅಮ್ಮ ಒಂದು ಪುಟ್ಟ ಪುಸ್ತಕ ಮಾಡಿದರು. ನಾಲ್ಕು ಪುಟ, ನಾಲ್ಕು ಫೋಟೋ, ದಪ್ಪ ಅಕ್ಷರ. ಒಂದು ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ, ತಿಂಡಿಯಾದ ಮೇಲೆ, ಅಪ್ಪ ಅಡುಗೆಮನೆಯ ಮೇಜಿನ ಹತ್ತಿರ ದುಂಬಿಯ ಎದುರು ಕೂತು ಓದಿದ. ಅಮ್ಮ ಪಕ್ಕದಲ್ಲಿದ್ದಳು.

"ತಾತನ ಹೃದಯಕ್ಕೆ ಕಾಯಿಲೆ ಆಯಿತು. ಹೃದಯ ನಿಂತಿತು. ತಾತ ಸತ್ತರು. ಸತ್ತವರು ಉಸಿರಾಡುವುದಿಲ್ಲ. ಅವರಿಗೆ ನೋವಾಗುವುದಿಲ್ಲ. ಅವರು ಮತ್ತೆ ಬರುವುದಿಲ್ಲ."

ದುಂಬಿ ಪುಸ್ತಕವನ್ನೇ ನೋಡುತ್ತಿದ್ದಳು. "ಮೀನಿನ ಹಾಗೆ."

"ಹೌದು. ಮೀನಿನ ಹಾಗೆ."

"ಮಣ್ಣಲ್ಲಿ."

"ಹೌದು. ಅವರ ದೇಹವನ್ನ ಮಣ್ಣಲ್ಲಿ ಹೂತಿದ್ದೀವಿ. ಆ ಜಾಗ ನೋಡಬೇಕಾ?"

ಅವಳು ಪುಟ ತಿರುವಿದಳು. "ನನ್ನ ಹುಟ್ಟುಹಬ್ಬಕ್ಕೆ ಬರ್ತಾರೆ."

"ಬರಲ್ಲ."

"ನೀನು ಮಲಗಿದಾರೆ ಅಂದೆ."

"ಅಂದೆ. ಅದು ತಪ್ಪು ಮಾತು. ತಾತ ಮಲಗಿರಲಿಲ್ಲ, ಸತ್ತಿದ್ದರು. ಮಲಗೋದು ಬೇರೆ, ಸಾಯೋದು ಬೇರೆ. ನನಗೆ ದುಃಖ ಆಗಿತ್ತು, ಅದಕ್ಕೆ ತಪ್ಪಾಗಿ ಹೇಳಿದೆ."

ದುಂಬಿ ಎದ್ದಳು. ಪುಸ್ತಕ ಕಂಕುಳಲ್ಲಿಟ್ಟುಕೊಂಡು ನೇರ ಮೆಟ್ಟಿಲು ಹತ್ತಿದಳು. ಅಪ್ಪ ಅಮ್ಮ ಹಿಂದೆಯೇ ಓಡಿದರು. ಕೆಲಸ ಮುಗಿಸಿ ಬಂದು ಆಗಷ್ಟೇ ಮಲಗಿದ್ದ ನರ್ಸ್, ಕೂದಲು ಕೆದರಿಕೊಂಡೇ ಬಾಗಿಲು ತೆಗೆದಳು.

"ತಾತ ಇಲ್ಲಿಲ್ಲ. ಸತ್ತರು" ಎಂದಳು ದುಂಬಿ.

"ಹೌದು. ನನ್ನ ಮನೇಲಿ ತಾತ ಇಲ್ಲ" ಎಂದು ನರ್ಸ್ ಬಾಗಿಲನ್ನು ಪೂರ್ತಿ ತೆರೆದು ಪಕ್ಕಕ್ಕೆ ಸರಿದಳು. "ಒಳಗೆ ಬಂದು ನೋಡು, ಬಾ."

ದುಂಬಿ ಎರಡೂ ಕೋಣೆ ನೋಡಿದಳು. ಬಚ್ಚಲು ನೋಡಿದಳು, ಬೀರು ತೆಗೆದು ನೋಡಿದಳು, ಮಂಚದ ಕೆಳಗೆ ಬಗ್ಗಿ ನೋಡಿದಳು. ಆಮೇಲೆ ಕೆಳಗಿಳಿದು ಬಂದು, ಅಡುಗೆಮನೆಯ ನಡುವೆ ನಿಂತು, ಹಿಂದೆಂದೂ ಕೇಳದ ದನಿಯಲ್ಲಿ ಚೀರಿದಳು. ಕೈಗೆ ಸಿಕ್ಕಿದ ತಟ್ಟೆ ಲೋಟಗಳೆಲ್ಲ ಹಾರಿದವು. ಅವಳ ತಲೆ ಗೋಡೆಗೆ ತಾಗದಂತೆ ಅಮ್ಮ ದಿಂಬು ಹಿಡಿದು ನಿಂತಳು. ಅಪ್ಪ ಬಾಗಿಲಲ್ಲಿ ಕೂತ. ಸುಮ್ಮನಿರು ಎಂದು ಇಬ್ಬರೂ ಹೇಳಲಿಲ್ಲ. ಎರಡು ಗಂಟೆಯ ಮೇಲೆ ದನಿ ಸೋತು, ಅವಳು ಬಂದು ಅಪ್ಪನ ಬೆನ್ನಿಗೆ ಬೆನ್ನು ಒತ್ತಿ ಕೂತಳು.

ಅಂದಿನಿಂದ ಮೇಲಿನ ಮನೆಯ ಬಾಗಿಲು ಬಡಿಯುವುದು ನಿಂತಿತು. ಹಾಗೆಂದು ಎಲ್ಲ ಸರಿಹೋಯಿತು ಎಂದಲ್ಲ. ಮೊದಲ ಮೂರು ವಾರ ಇನ್ನೂ ಕಷ್ಟವಾಯಿತು. ಒಂದೇ ಪ್ರಶ್ನೆಯನ್ನು ದಿನಕ್ಕೆ ನಲವತ್ತು ಸಲ ಕೇಳುವಳು: 'ಅಪ್ಪನ ಹೃದಯ ನಿಲ್ಲುತ್ತಾ? ಅಮ್ಮನ ಹೃದಯ ನಿಲ್ಲುತ್ತಾ?' ಮೇಡಂ ಎಚ್ಚರಿಸಿದ್ದರು, ಯಾವತ್ತೂ ನಿಲ್ಲಲ್ಲ ಎಂದು ಮಾತ್ರ ಹೇಳಬೇಡಿ. 'ಒಂದು ದಿನ ನಿಲ್ಲುತ್ತೆ. ಇವತ್ತು ಚೆನ್ನಾಗಿ ಹೊಡ್ಕೋತಾ ಇದೆ, ನೋಡು' ಎಂದು ಇಬ್ಬರೂ ಅದೇ ಉತ್ತರ ಹೇಳಿದರು, ನಲವತ್ತು ಸಲವೂ. ಅವಳು ಎದೆಗೆ ಕಿವಿಯಿಟ್ಟು ಕೇಳಿ ಹೋಗುವಳು.

ಮಲಗುವ ಭಯಕ್ಕೆ ಮೇಡಂ ಅಭ್ಯಾಸ ಹಾಕಿಕೊಟ್ಟರು. ಮಧ್ಯಾಹ್ನ ಎರಡು ಗಂಟೆಗೆ ಅಪ್ಪ ಅಂಗಡಿಯ ಬೆಂಚಿನ ಮೇಲೆ ಮಲಗುವುದು. ಮೊದಲ ದಿನ ಐದು ಎಣಿಸುವವರೆಗೆ ಕಣ್ಣು ಮುಚ್ಚುವುದು, ತೆಗೆಯುವುದು. ಎಣಿಸುವವಳು ದುಂಬಿ. ಮರುದಿನ ಹತ್ತು. ಆಮೇಲೆ ಇಪ್ಪತ್ತು. ಕಾಯುತ್ತ ಕೂತ ಗಿರಾಕಿಗಳೂ ಅವಳ ಜೊತೆ ಎಣಿಸಲು ಶುರುಮಾಡಿದರು. ಒಂದು ದಿನ ಆರುನೂರಕ್ಕೆ ಬರುವಷ್ಟರಲ್ಲಿ ಅಪ್ಪ ನಿಜವಾಗಿಯೂ ಗೊರಕೆ ಹೊಡೆದ. ದುಂಬಿ ಅವನ ಮೂಗಿನ ಕೆಳಗೆ ಬೆರಳಿಟ್ಟು ಉಸಿರು ನೋಡಿ, "ಇದು ಮಲಗಿರೋದು" ಎಂದು ಎಲ್ಲರಿಗೂ ಸಾರಿದಳು. ಆ ತಿಂಗಳ ಕೊನೆಗೆ ಅವಳೂ ಹಾಸಿಗೆಯಲ್ಲಿ ಕಾಲು ಚಾಚಿದಳು, ಪಕ್ಕದಲ್ಲಿ ಅಲಾರಂ ಇಟ್ಟುಕೊಂಡು. ಗುಂಯ್ ಎಂಬ ಸದ್ದು ಯಾವ ದಿನ ವಾಪಸು ಬಂತೆಂದು ಯಾರಿಗೂ ಸರಿಯಾಗಿ ನೆನಪಿಲ್ಲ. ಅಮ್ಮ ಕೆಲಸಕ್ಕೆ ಮರಳಿದ ವಾರ ಇರಬೇಕು.

ಉಳಿದದ್ದು ಕೂದಲು. ಮೇಡಂ ಒಂದು ಹಾಳೆಯ ಮೇಲೆ ಗುಂಡಗೆ ತಲೆ ಬರೆದು, ನಾಲ್ಕು ಭಾಗ ಮಾಡಿ, ದುಂಬಿಯ ಮುಂದಿಟ್ಟರು. "ಗಂಟಾಗಿದೆ. ನೋಯ್ತಾ ಇದೆ. ಕತ್ತರಿಸಬೇಕು. ತಾತ ಇಲ್ಲ, ಅಪ್ಪ ಕತ್ತರಿಸ್ತಾರೆ. ಒಂದು ದಿನಕ್ಕೆ ಎಷ್ಟು?" ದುಂಬಿ ಬಹಳ ಯೋಚಿಸಿ ಒಂದು ಭಾಗಕ್ಕೆ ಮಾತ್ರ ಬಣ್ಣ ಹಚ್ಚಿದಳು. ಬಲಗಿವಿಯ ಕಡೆಯದು.

ಸೋಮವಾರ ಅವಳು ಕುರ್ಚಿಯಲ್ಲಿ ಕೂರಲಿಲ್ಲ. ನೆಲದ ಮೇಲೆ, ಬಾಗಿಲಿಗೆ ಮುಖ ಮಾಡಿ ಕೂತಳು. ಅಪ್ಪ ಹಿಂದೆ ಮಂಡಿಯೂರಿದ. ಕೈ ಎತ್ತಿದರೆ ನಿಲ್ಲಿಸಬೇಕು ಎಂಬುದು ಒಪ್ಪಂದ. ಅವಳು ಒಂಬತ್ತು ಸಲ ಕೈ ಎತ್ತಿದಳು, ಅವನು ಒಂಬತ್ತು ಸಲವೂ ಕತ್ತರಿಯನ್ನು ನೆಲಕ್ಕಿಟ್ಟ. ಬಾಚಣಿಗೆ ಇಳಿಯುವ ಸ್ಥಿತಿಯೇ ಇರಲಿಲ್ಲ, ಗಂಟನ್ನೆಲ್ಲ ಬುಡದಲ್ಲೇ ತೆಗೆಯಬೇಕಾಯಿತು. ಒಂದೂವರೆ ಗಂಟೆಗೆ ಒಂದು ಕಾಲುಭಾಗ ಮುಗಿಯಿತು. ಬಲಗಡೆ ಬೆರಳಗಲದ ಕೂದಲು, ಉಳಿದ ಮೂರು ಕಡೆ ಕಂಬಳಿ. ದುಂಬಿ ಎದ್ದು, "ಆಯ್ತು" ಎಂದು ಚಪ್ಪಲಿ ಹಾಕಿಕೊಂಡಳು.

ಇನ್ನು ಸ್ವಲ್ಪ ಮಾಡೋಣ ಎಂಬ ಮಾತು ಅವನ ನಾಲಿಗೆ ತುದಿಯವರೆಗೆ ಬಂತು. ನುಂಗಿಕೊಂಡ. ಬೀದಿಯ ಅರ್ಧ ಜನರ ತಲೆಯನ್ನು ಅಳತೆಗೋಲಿಟ್ಟ ಹಾಗೆ ಕತ್ತರಿಸುವವನು, ಅಂಥ ತಲೆಯ ಮಗಳ ಕೈ ಹಿಡಿದುಕೊಂಡು ಅದೇ ಬೀದಿಯಲ್ಲಿ ತಲೆ ಎತ್ತಿ ನಡೆದ. ಬೇಕರಿಯವನು ಹೊರಗೆ ಬಂದು ನಿಂತು, "ಏನಣ್ಣ, ನಿನ್ನ ಅಂಗಡಿಯ ಹೊಸ ಬೋರ್ಡಾ ಇದು?" ಎಂದ.

"ಹೌದು ಕಣಯ್ಯ" ಎಂದ ಅಪ್ಪ. "ಕೆಲಸ ನಡೀತಾ ಇದೆ. ಮುಗಿದ ಮೇಲೆ ನಿನಗೂ ಹಾಗೇ ಮಾಡ್ತೀನಿ, ಬಾ."

ಮುಂದಿನ ಸೋಮವಾರ ಇನ್ನೊಂದು ಭಾಗ. ಅದರ ಮುಂದಿನ ಸೋಮವಾರ ದುಂಬಿ ಬೇಡ ಎಂದಳು, ಮಾಡಲಿಲ್ಲ. ಆ ಹೊತ್ತಿಗೆ ಹುಣ್ಣು ಮಾಗಿತ್ತು. ಅಪ್ಪ ಅವಳನ್ನು ಶಾಲೆಗೆ ಕರೆದುಕೊಂಡು ಹೋದ. ಮುಖ್ಯೋಪಾಧ್ಯಾಯಿನಿ ಅವಳ ತಲೆ ನೋಡಿ ಮುಖ ಸಿಂಡರಿಸಿದರು.

"ಇದೇನಿದು? ಪೂರ್ತಿ ಆದಮೇಲೆ ಕರ್ಕೊಂಡು ಬನ್ನಿ. ಬೇರೆ ಮಕ್ಕಳು ನಗ್ತಾರೆ."

"ನಗೋ ಮಕ್ಕಳಿಗೆ ನೀವು ಬುದ್ಧಿ ಹೇಳಿ" ಎಂದು ಆತುರದಲ್ಲಿ ನುಡಿದವನು, ತನ್ನನ್ನು ತಡೆದುಕೊಂಡು ಮತ್ತೆ ನಿಧಾನವಾಗಿ ಹೇಳಿದ. "ಮೇಡಂ, ನೀವು ಬರೆದಿದ್ದು ಸ್ವಚ್ಛ ಆಗೋವರೆಗೆ ಅಂತ. ಸ್ವಚ್ಛ ಇದೆ. ಡಾಕ್ಟರ ಚೀಟಿ ಇದು. ಇದು ಥೆರಪಿ ಮೇಡಂ ಕಾಗದ. ಇವಳ ತಾತ ಸತ್ತರು. ಆ ದುಃಖ ಇವಳಿಗಿದೆ ಅಂತ ನಮಗೂ ಗೊತ್ತಿರಲಿಲ್ಲ, ನಿಮಗೂ ಗೊತ್ತಿರಲಿಲ್ಲ. ಈಗ ಗೊತ್ತಾಗಿದೆ. ನಾಳೆಯಿಂದ ಬರ್ತಾಳೆ. ಬೇಡ ಅನ್ನೋದಾದ್ರೆ ನಾನು ಇಲ್ಲೇ ಕೂತಿರ್ತೀನಿ, ಇವತ್ತು ನನಗೆ ಅಂಗಡಿ ರಜೆ."

ಅವನು ಕೂತೇ ಬಿಟ್ಟ. ಮುಖ್ಯೋಪಾಧ್ಯಾಯಿನಿ ಕಾಗದ ಓದಿದರು, ಕ್ಲಾಸ್ ಟೀಚರನ್ನು ಕರೆಸಿದರು, ಥೆರಪಿ ಮೇಡಂಗೆ ಫೋನು ಮಾಡಿದರು. ಒಂದು ಗಂಟೆಯ ಮೇಲೆ, "ನಾಳೆ ಎಂಟೂವರೆಗೆ" ಎಂದರು. ಮರುದಿನ ಮಕ್ಕಳು ನಕ್ಕರು, ನಿಜ. ಇದೇನು ಎಂದು ಒಬ್ಬಳು ಕೇಳಿದಾಗ ದುಂಬಿ, "ಎರಡು ಭಾಗ ಆಗಿದೆ, ಎರಡು ಭಾಗ ಬಾಕಿ" ಎಂದಳಂತೆ. ಅದರಲ್ಲಿ ನಗುವಂಥದ್ದೇನೂ ಸಿಗದೆ ಮಕ್ಕಳು ನಾಲ್ಕು ದಿನಕ್ಕೆ ಸುಮ್ಮನಾದರು.

ಆರನೇ ಸೋಮವಾರಕ್ಕೆ ನಾಲ್ಕೂ ಭಾಗ ಮುಗಿದವು. ಅಪ್ಪ ಬುಧವಾರದ ಗಂಟೆಯನ್ನು ಬಿಡಲಿಲ್ಲ. ಕೇಂದ್ರದಲ್ಲಿ ಇಂಥ ಮಕ್ಕಳನ್ನು ನೋಡಿಕೊಳ್ಳುವವರೆಲ್ಲ ಹದಿನೈದು ದಿನಕ್ಕೊಮ್ಮೆ ವೃತ್ತವಾಗಿ ಕೂತು ಮಾತಾಡುತ್ತಿದ್ದರು, ಅದಕ್ಕೂ ಹೋಗತೊಡಗಿದ. ಅಲ್ಲಿಗೆ ಬರುತ್ತಿದ್ದ ಲೈಬ್ರರಿಯ ಕೆಲಸದ ಹೆಂಗಸೊಬ್ಬಳು, ತನ್ನ ಆರು ವರ್ಷದ ಮಗಳಿಗೆ ಕಟಿಂಗ್ ಮಾಡಿಸಲು ನಾಲ್ಕು ಜನ ಹಿಡಿದುಕೊಳ್ಳಬೇಕೆಂದು ಹೇಳಿಕೊಂಡು ಅತ್ತಳು.

"ನಾಲ್ಕು ಜನ ಬೇಡ ಅಕ್ಕ, ನೀವಿಬ್ಬರೇ ಬನ್ನಿ" ಎಂದ ಅವನು. "ಸೋಮವಾರ ಅಂಗಡಿಗೆ ರಜೆ. ಬೇರೆ ಯಾರೂ ಇರಲ್ಲ."

ಸೋಮವಾರ ಅವರು ಬಂದರು. ಪುಟ್ಟ ಹುಡುಗಿ ಅಂಗಡಿಯ ಬಾಗಿಲವರೆಗೆ ಬಂದು, ಒಳಗಿನ ಕನ್ನಡಿಗಳನ್ನು ಕಂಡು, ಅಮ್ಮನ ಸೆರಗಿನ ಹಿಂದೆ ಅಡಗಿದಳು. ಹತ್ತು ನಿಮಿಷ ಹಾಗೇ ನಿಂತರು. ಅಪ್ಪ ಕನ್ನಡಿಗಳ ಮೇಲೆ ಒಂದೊಂದಾಗಿ ಬಟ್ಟೆ ಇಳಿಬಿಟ್ಟು, ಬಾಗಿಲಿಂದ ದೂರ ಹೋಗಿ ನೆಲದ ಮೇಲೆ ಕೂತ. ಹುಡುಗಿ ಒಂದು ಕಾಲನ್ನು ಹೊಸ್ತಿಲ ಒಳಗಿಟ್ಟಳು, ತೆಗೆದಳು, ಮತ್ತೆ ಇಟ್ಟಳು. ಅವಳ ಅಮ್ಮ ನಾಚಿಕೆಯಿಂದ, "ನಿಮ್ಮ ರಜೆಯೆಲ್ಲ ಹಾಳು ಮಾಡಿದ್ವಿ" ಎಂದಳು.

"ಒಂದು ಕಾಲು ಒಳಗೆ ಬಂತಲ್ಲ" ಎಂದ ಅಪ್ಪ, ಕೂತಲ್ಲಿಂದಲೇ. "ಬರೋ ಸೋಮವಾರ ಇನ್ನೊಂದು."